ಅಜ್ಜನ ಮಾಳಿಗೆ ಮನೆಯನ್ನು ಸರ್ಕಾರದ ಫಲಕ ಕಾಯುತ್ತದೆಯೇ?

ಓದುಗರ ಪ್ರಶ್ನೆ: ಚಿತ್ರದುರ್ಗ ಸೀಮೆಯ ನಮ್ಮ ಹಳ್ಳಿಯಲ್ಲಿ ಮುಸ್ಲಿಂ ಕುಟುಂಬಗಳ ಹಳೆಯ ಮಾಳಿಗೆ ಮನೆಗಳು (ಮಣ್ಣು ಹೊದಿಸಿದ ಚಪ್ಪಟೆ ಛಾವಣಿಯವು) ಒಂದೊಂದಾಗಿ ನೆಲ ಕಚ್ಚುತ್ತಿವೆ. ಸಂರಕ್ಷಿತ ಸ್ಮಾರಕವೆಂದು ಘೋಷಿಸಲು ಅರ್ಜಿ ಹಾಕಿದರೆ ಉಳಿದಾವೇ?

ಅರ್ಜಿ ಹಾಕಲು ಅಡ್ಡಿಯಿಲ್ಲ, ಅದನ್ನೇ ನೆಚ್ಚಿ ಕೂರಬೇಡಿ. ಕೇಂದ್ರದ 1958ರ ಕಾಯ್ದೆಯಾಗಲಿ, ರಾಜ್ಯದ 1961ರ ಕಾಯ್ದೆಯಾಗಲಿ, ಹೆಚ್ಚಾಗಿ ಕಣ್ಣಿಟ್ಟಿರುವುದು ಕೋಟೆ, ಗುಡಿ, ಮಸೀದಿ, ಗೋರಿಗಳ ಮೇಲೆ. ದಾವಣಗೆರೆ ಜಿಲ್ಲೆಯ ಸಂತೇಬೆನ್ನೂರಿನಲ್ಲಿ ಹೊಂಡದ ಜೊತೆ ಮುಸಾಫಿರ್‌ಖಾನೆಗೂ ಕೇಂದ್ರದ ರಕ್ಷಣೆಯಿದೆ. ಒಂದು ರಾತ್ರಿ ತಂಗಿ ಹೋಗುವವರ ಕಟ್ಟಡಕ್ಕೆ ಆ ಭಾಗ್ಯ. ತಲೆಮಾರುಗಟ್ಟಲೆ ಬಾಳಿದವರ ಮನೆಗೆ ಅದು ಸಿಗುವುದು ಅಪರೂಪ. ನಿಮ್ಮ ಮನೆ ಇಂಥ ಕೇಂದ್ರ ಸ್ಮಾರಕದಿಂದ 100 ಮೀಟರ್ ಒಳಗಿದ್ದರಂತೂ ದುರಸ್ತಿಗೂ ಅನುಮತಿ ಪಡೆಯಬೇಕು, ಹೊಸದಾಗಿ ಕಟ್ಟುವಂತಿಲ್ಲ.

ನಾನು ನೋಡಿದ ಮಟ್ಟಿಗೆ ಈ ಮನೆಗಳನ್ನು ಮೊದಲು ಕೆಡವುವುದು ಮಳೆಯಲ್ಲ, ಪಾಲು. ಸುನ್ನಿ ಮುಸ್ಲಿಮರ ಹನಫಿ ಪಂಥದ ಲೆಕ್ಕದಲ್ಲಿ ಯಜಮಾನ ತೀರಿಕೊಂಡು ಹೆಂಡತಿ, ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಉಳಿದರೆ ಮನೆ 64 ಭಾಗವಾಗುತ್ತದೆ: ತಾಯಿಗೆ 8, ಗಂಡುಮಕ್ಕಳಿಗೆ ತಲಾ 14, ಹೆಣ್ಣುಮಕ್ಕಳಿಗೆ ತಲಾ 7. ಅವರ ಮಕ್ಕಳ ಕಾಲಕ್ಕೆ ಹೆಸರುಗಳು ಇಪ್ಪತ್ತು ದಾಟುತ್ತವೆ. ಒಬ್ಬರು ಹರಿಹರದಲ್ಲಿ, ಇನ್ನೊಬ್ಬರು ಕೊಲ್ಲಿ ದೇಶದಲ್ಲಿ. ಊರಲ್ಲಿದ್ದವನು "ನಾನೊಬ್ಬನೇ ಯಾಕೆ ದುಡ್ಡು ಸುರಿಯಲಿ" ಎನ್ನುತ್ತಾನೆ. ಅವನದು ತಪ್ಪೆಂದು ನನಗೂ ಅನ್ನಿಸುವುದಿಲ್ಲ. ಆದ್ದರಿಂದ ಗಾರೆಯವನನ್ನು ಕರೆಯುವ ಮುಂಚೆ ವಾರಸುದಾರರನ್ನು ಕೂರಿಸಿ. ಉಳಿಯುವವನು ಉಳಿದವರ ಪಾಲನ್ನು ಕೊಳ್ಳಬಹುದು, ಇಲ್ಲವೇ ಅವರು ಹಿಬಾ, ಅಂದರೆ ದಾನ, ಮಾಡಿ ಕೊಡಬಹುದು. ಸಹವಾರಸುದಾರನಿಗೆ ವಿಭಾಗವಾಗದ ಪಾಲನ್ನೂ ಹಿಬಾ ಕೊಡಲು ಶರೀಅತ್‌ನಲ್ಲಿ ಅವಕಾಶವಿದೆ. ಬಾಯಿಮಾತಿನ ಹಿಬಾ ಕಾನೂನಿನಲ್ಲಿ ನಡೆಯುತ್ತದೆ, ಆದರೆ ಪಂಚಾಯಿತಿಯ ಖಾತೆ ಬಾಯಿಮಾತಿಗೆ ಬದಲಾಗುವುದಿಲ್ಲ, ನೋಂದಾಯಿಸಿ. ಹಾಗೆಂದು ಅಕ್ಕತಂಗಿಯರ ಏಳು ಪಾಲನ್ನು "ಪರಂಪರೆ"ಯ ಹೆಸರಿನಲ್ಲಿ ನುಂಗಬೇಡಿ. ಮನೆ ವಕ್ಫ್ ಆಸ್ತಿಯಾಗಿದ್ದರೆ ಈ ಮಾತೊಂದೂ ಅನ್ವಯಿಸುವುದಿಲ್ಲ.

ಇನ್ನು ಮಾಳಿಗೆ. ಕಳೆದ ಬೇಸಿಗೆಯಲ್ಲಿ ಅಂಥದೊಂದು ಐದಂಕಣದ (ಕಂಬಸಾಲುಗಳ ನಡುವಿನ ಜಾಗವೇ ಅಂಕಣ) ಮನೆಯೊಳಗೆ ಕೂತಿದ್ದೆ. ಕಂಬ, ತೊಲೆ, ಜಂತಿ ಎಲ್ಲವೂ ಪಕ್ಕದ ಗೌಡರ ಮನೆಯದರ ಪಡಿಯಚ್ಚು; ಒಂದೇ ಬಡಗಿಯ ಕೈಯೇ ಇರಬೇಕು. ಬೇರೆಯಾಗಿದ್ದುದು ಎರಡೇ: ಬೀದಿಯ ಕಣ್ಣು ಒಳಗೆ ಬೀಳದಂತೆ ಹೆಬ್ಬಾಗಿಲ ಹಿಂದೆ ಎದೆಮಟ್ಟಕ್ಕಿಂತ ಎತ್ತರದ ಅಡ್ಡಗೋಡೆ, ಮತ್ತು ಗೋಡೆಯ ಕಮಾನು ಗೂಡಿನಲ್ಲಿ ದೀಪದ ಮಸಿಯ ಮೇಲೆ ರೆಹಲಿನಲ್ಲಿ, ಅಂದರೆ ಮಡಚುವ ಮರದ ಪೀಠದಲ್ಲಿ, ಇಟ್ಟ ಕುರಾನ್. ತಲೆಯ ಮೇಲೆ ಮಾತ್ರ ಒಂದು ಜಂತಿ ಬಿಲ್ಲಿನಂತೆ ಬಾಗಿತ್ತು.

ಕಾರಣ ಹುಡುಕಲು ಮೇಲೆ ಹತ್ತಿದರೆ ಸಾಕು. ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಹರಡುವುದು ಒಳ್ಳೆಯ ಪದ್ಧತಿ. ಉಪ್ಪಿನಂಶದ ಆ ಮಣ್ಣು ನೆನೆದಾಗ ನುಣ್ಣಗೆ ಹರಡಿ ಸಂದುಗಳನ್ನು ಮುಚ್ಚುತ್ತದೆ. ಆದರೆ ಹಳೆಯದನ್ನು ಕೆರೆದು ತೆಗೆಯದೆ ವರ್ಷವರ್ಷವೂ ಹೊಸದನ್ನು ಹೇರುತ್ತಾರೆ. ಹತ್ತಡಿಗೆ ಹತ್ತಡಿ ಜಾಗದಲ್ಲಿ ಒಂದಂಗುಲ ಮಣ್ಣೆಂದರೆ ಒಣಗಿದ್ದಾಗಲೇ ಸುಮಾರು 380 ಕಿಲೋ, ನೆನೆದರೆ ಇನ್ನೂ ಹೆಚ್ಚು. ಹತ್ತು ವರ್ಷದ ಅಸಡ್ಡೆಯನ್ನು ನೀವೇ ಗುಣಿಸಿ ನೋಡಿ. ಮಲಗಿದ್ದವರ ಮೇಲೆ ಮಾಳಿಗೆ ಕುಸಿದ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ತಪ್ಪುವುದಿಲ್ಲ. ಬಾಗಿದ ಜಂತಿಯ ಕೆಳಗೆ ಇವತ್ತೇ ಆಸರೆಗಂಬ ಕೊಡಿ, ಅಲ್ಲಿ ಮಲಗುವುದನ್ನು ಬಿಡಿ, ಇಂಜಿನಿಯರನ್ನು ಕರೆಸಿ. ಪರಂಪರೆಗಿಂತ ಜೀವ ದೊಡ್ಡದು.

ಗೋಡೆಗೆ ಸಿಮೆಂಟ್ ಬಳಿಯುವುದು ಎರಡನೆಯ ತಪ್ಪು, ಒಳ್ಳೆಯ ಮನಸ್ಸಿನಿಂದಲೇ ಮಾಡುವ ತಪ್ಪು. ಮಣ್ಣಿನ ಗೋಡೆ ನೆಲದಿಂದ ತೇವ ಹೀರಿ ಮೈಯಿಂದ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿದಾಗ ಬುಡ ಒಳಗೊಳಗೇ ಕೊಳೆಯುತ್ತದೆ. ಕೆಲವೇ ವರ್ಷಗಳಲ್ಲಿ ಪದರ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಸುಣ್ಣದ ಗಾರೆ ಹಾಗಲ್ಲ. ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಅರೆಯಬಲ್ಲ ಕೈಗಳು ಈಗ ವಿರಳ ನಿಜ, ಆದರೆ ಹಳೆಯ ಗುಡಿ, ದರ್ಗಾಗಳ ಜೀರ್ಣೋದ್ಧಾರ ಮಾಡಿದ ಮೇಸ್ತ್ರಿಗಳನ್ನು ವಿಚಾರಿಸಿದರೆ ಒಬ್ಬರಾದರೂ ಸಿಗುತ್ತಾರೆ. ಬಂದವರಿಗೆ ಮೊದಲು ಗೋಡೆಯ ಬುಡ ತೋರಿಸಿ, ಬಣ್ಣದ ಮಾತು ಆಮೇಲೆ.