ಅವರೆಯ ಕಪ್ಪು ಹೇನು: ಅದು ಬದುಕುವ ಗಿಡ ಯಾವುದು, ಯಾವುದಲ್ಲ

ಅವರೆಗೆ ರಸ ಹೀರುವ ಹೇನು ಹತ್ತಿದ ಕೂಡಲೇ, ಅದು ಎಕ್ಕದಿಂದ ಬಂತೆಂದು ಬದುವಿನ ಎಕ್ಕದ ಗಿಡ ಕಿತ್ತೆಸೆಯುವವರಿದ್ದಾರೆ. ಆ ಶ್ರಮ ವ್ಯರ್ಥ. ಎಕ್ಕ, ಕಣಗಿಲೆಯ ಮೇಲಿರುವುದು ಹಳದಿ ಮೈಯ, ಕಪ್ಪು ಕಾಲಿನ ಏಫಿಸ್ ನೀರಿಯೈ ಎಂಬ ಬೇರೆ ಹೇನು. ಅದು ಅವರೆಯ ತಂಟೆಗೆ ಬರುವುದಿಲ್ಲ. ಜೋಳದ ಸುಳಿಯ ಹೇನೂ ಅಷ್ಟೇ. ಬದಲಿಗೆ ಅಂಚಿನಲ್ಲಿ ಒಂದೆರಡು ಸಾಲು ಜೋಳ ಹಾಕಿದರೆ ಅಲ್ಲಿನ ಹೇನು ತಿಂದು ಬೆಳೆದ ಗುಲಗಂಜಿ ಹುಳುಗಳು ಅವರೆಗೂ ದಾಟುತ್ತವೆ.

ಅವರೆಯನ್ನು ಕಾಡುವುದು ಏಫಿಸ್ ಕ್ರಾಸಿವೋರಾ. ಬಲಿತದ್ದು ಮಿರಮಿರ ಮಿಂಚುವ ಕಪ್ಪು. ಮರಿಗಳ ಮೇಲೆ ತೆಳುವಾದ ಬೂದಿಯಂಥ ಮೇಣ. ಅಲಸಂದೆ, ಶೇಂಗಾ, ಬದುವಿನ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಇದರ ನೆಚ್ಚಿನ ನೆಲೆಗಳು. ನಮ್ಮ ಹವೆಯಲ್ಲಿ ಗಂಡಿನ ಹಂಗಿಲ್ಲದೆ ಹೆಣ್ಣು ನೇರವಾಗಿ ಮರಿ ಹಾಕುತ್ತದೆ, ಆ ಮರಿ ವಾರ-ಹತ್ತು ದಿನದಲ್ಲಿ ತಾಯಿಯಾಗುತ್ತದೆ. ಗುಂಪು ದಟ್ಟವಾದಾಗ ಇಲ್ಲವೇ ಗಿಡ ಒಣಗತೊಡಗಿದಾಗ ರೆಕ್ಕೆಯವು ಹುಟ್ಟಿ ಪಕ್ಕದ ಹೊಲಕ್ಕೆ ಹಾರುತ್ತವೆ. ಆದ್ದರಿಂದ ಮೊಗ್ಗು ಕಟ್ಟುವ ಹೊತ್ತಿಗೆ ಗೊಬ್ಬರದ ಗಿಡದ ಎಳೆಗುಡಿಯನ್ನೂ ವಾರಕ್ಕೆ ಎರಡು ಸಲ ನೋಡಿ. ಯೂರಿಯಾ ಹೆಚ್ಚಾಗಿ ಕುಡಿ ಮೆತ್ತಗಾದ ಹೊಲದಲ್ಲಿ ಕಾಟ ಜಾಸ್ತಿ.

ಸಿಂಪಡಿಸುವ ಮುನ್ನ ಒಂದು ಹೂಗೊಂಚಲನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಕಪ್ಪು ಹೇನಿನ ನಡುವೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಉಬ್ಬಿ, ಅಲ್ಲಾಡದೆ ಕೂತವು ಕಂಡರೆ ಅವುಗಳ ಹೊಟ್ಟೆಯಲ್ಲಿ, ಹೇನನ್ನು ಒಳಗಿಂದಲೇ ತಿನ್ನುವ ಪರತಂತ್ರ ಕಣಜದ ಮರಿಯಿದೆ. ಮೊಸಳೆ ಆಕಾರದ, ಕಿತ್ತಳೆ ಚುಕ್ಕೆಯ ಕಪ್ಪು ಹುಳು ಗುಲಗಂಜಿಯ ಮರಿ. ಅದನ್ನೇ ಕೀಟವೆಂದು ಹೊಸಕುವವರು ಬಹಳ. ಇವೆರಡೂ ಸಾಕಷ್ಟು ಇದ್ದರೆ ನಾಲ್ಕು ದಿನ ಕಾಯಿರಿ, ಹೆಚ್ಚು ಮುತ್ತಿದ ಕುಡಿಗಳನ್ನಷ್ಟೇ ಚಿವುಟಿ ಸಾಬೂನು ನೀರಿಗೆ ಹಾಕಿ.

ಕಾಯುವ ಸ್ಥಿತಿ ಇಲ್ಲದಿದ್ದರೆ ಶೇ. 5ರ ಬೇವಿನ ಬೀಜದ ಕಷಾಯ: 10 ಲೀಟರಿಗೆ 500 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿ. ಅದನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಹಿಂಡಿ ಸೋಸಿ, 20 ಗ್ರಾಂ ಸಾಬೂನು ಕರಗಿಸಿ, ಉಳಿದ ನೀರು ಬೆರೆಸಿ. ಸಾಬೂನು ಬಿಟ್ಟರೆ ದ್ರಾವಣ ಮೇಣದ ಮೇಲೆ ನಿಲ್ಲದೆ ಜಾರುತ್ತದೆ. ಮೇಲಿಂದ ಹೊಡೆದರೂ ಕೆಲಸವಿಲ್ಲ: ಹೇನು ಎಲೆಯಡಿ, ಮೊಗ್ಗುಗಳ ಸಂದಿಯಲ್ಲಿ ಅಡಗಿರುತ್ತದೆ. ನಾಜಲ್ ಮೇಲ್ಮುಖ ಮಾಡಿ, ಜೇನು ಮರಳಿದ ಮೇಲೆ, ಸಂಜೆ ಹೊಡೆಯಿರಿ.

ಅಲಸಂದೆಯಲ್ಲಿ ಇನ್ನೊಂದು ಅಪಾಯವೂ ಇದೆ. ಮೊಸಾಯಿಕ್ ನಂಜನ್ನು (ಎಲೆಯಲ್ಲಿ ಮಚ್ಚೆ ತರುವ ವೈರಸ್) ಈ ಹೇನು ಒಮ್ಮೆ ಚುಚ್ಚಿ ನೋಡುವಷ್ಟರಲ್ಲೇ ಅಂಟಿಸಿಬಿಡುತ್ತದೆ. ಔಷಧಿ ಅದಕ್ಕೆ ಮೊದಲು ಕೊಲ್ಲಲಾರದು. ತಿಳಿ-ಕಡು ಹಸಿರು ಮಚ್ಚೆಯ ಗಿಡಗಳನ್ನು ಎಳೆಯದರಲ್ಲೇ ಕಿತ್ತು ಹೂಳಿ. ನಂಜು ಬೀಜದಲ್ಲೂ ಸಾಗುವುದರಿಂದ ಆ ತಾಕಿನ ಕಾಳನ್ನು ಬಿತ್ತನೆಗೆ ಎತ್ತಿಡಬೇಡಿ.