ನಾಲ್ಕು ದಿನ ನೀರಿಲ್ಲ, ಕಾರಣ ಪೈಪ್ ರಿಪೇರಿ

ಪ್ರತಿ ವರ್ಷ ನನ್ನ ಕ್ಲಾಸಿಗೆ ಹೊಸ ಬ್ಯಾಚ್ ಬಂದಾಗಲೂ ಇದೇ ಮಾತು. "ಸರ್, ಸರ್ಕಾರದ ಹಿಡಿತದಲ್ಲಿರೋ ಪೇಪರಲ್ಲಿ ಮಾಲಿನ್ಯದ ಸುದ್ದಿ ಎಲ್ಲಿ ಬರುತ್ತೆ? ಬರೀ ಸುಳ್ಳು, ಓದೋದೇ ವೇಸ್ಟ್." ವರ್ಷಗಟ್ಟಲೆ ವಿದೇಶಿ ಸುದ್ದಿಯ ಡೆಸ್ಕಿನಲ್ಲಿ ಕೂತು ಸುದ್ದಿಸಂಸ್ಥೆಗಳ ವರದಿ ತಿದ್ದಿದವನು ನಾನು. ಇದನ್ನು ಕೇಳಿದರೆ ತಾಳ್ಮೆ ಹೋಗುತ್ತದೆ. ಸುದ್ದಿ ಬರುತ್ತದೆ, ಬೇಕಾದಷ್ಟು ಬರುತ್ತದೆ. ಚೀನಾದ ಪತ್ರಿಕೆಗಳಲ್ಲಿ ಹೊಗೆ, ಕೆಟ್ಟ ನದಿ, ಬೀಗ ಬಿದ್ದ ಕಾರ್ಖಾನೆ ಎಲ್ಲವೂ ಇರುತ್ತವೆ. ಬಿಗಿ ಇರುವುದು ಬೇರೆ ಕಡೆ: ಯಾವಾಗ ಹೇಳಬೇಕು, ಯಾರ ಹೆಸರು ಹೇಳಬೇಕು.

2005ರ ನವೆಂಬರ್ 13ರಂದು ಚೀನಾದ ಜಿಲಿನ್ ನಗರದ ರಾಸಾಯನಿಕ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಸುಮಾರು 100 ಟನ್ ಬೆಂಜೀನ್ ಜಾತಿಯ ವಿಷ ಸೊಂಗ್‌ಹುವಾ ನದಿಗೆ ಸೇರಿತು. ನದಿ ಹರಿದು ಹೋಗುವ ಕೆಳಗಿನ ಹಾರ್ಬಿನ್ ನಗರದ ಜನ ಆಗ ಕುಡಿಯುತ್ತಿದ್ದದ್ದು ಅದೇ ನೀರು. 21ರಂದು ನಗರಾಡಳಿತದ ಪ್ರಕಟಣೆ ಬಂತು: ಪೈಪ್ ದುರಸ್ತಿಗಾಗಿ ನಾಲ್ಕು ದಿನ ನೀರು ಬಂದ್.

ಇದನ್ನು ಕ್ಲಾಸಿನಲ್ಲಿ ಓದಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನಮ್ಮಪ್ಪ ನೀರುಗಂಟಿ. ಪೈಪ್ ಒಡೆದ್ರೆ ಒಂದು ಲೈನ್ ಬಂದ್ ಮಾಡ್ತಾರೆ. ಇಡೀ ಊರಿಗೆ ಮಾಡಲ್ಲ." ನಾನು ಇಷ್ಟು ದಿನ ಹೇಳಲು ಒದ್ದಾಡಿದ್ದನ್ನು ಆ ಮಗು ಒಂದೇ ಏಟಿಗೆ ಹೇಳಿತು. ಹಾರ್ಬಿನ್ ಜನರಿಗೂ ಹಾಗೇ ಅನುಮಾನ ಬಂತು. ಅಂಗಡಿಗಳಲ್ಲಿ ನೀರಿನ ಬಾಟಲಿ ಖಾಲಿಯಾದವು, ಭೂಕಂಪ ಆಗುತ್ತದಂತೆ ಅಂತ ಗಾಳಿಸುದ್ದಿ ಹಬ್ಬಿತು. ಬೆನ್ನಲ್ಲೇ ಇನ್ನೊಂದು ಪ್ರಕಟಣೆ ಬಂದು, ನದಿಯ ಮೇಲ್ಭಾಗದ ಸ್ಫೋಟದಿಂದ ನೀರು ಕೆಟ್ಟಿರಬಹುದು ಎಂದಿತು. ಬೀಜಿಂಗಿನ ಕೇಂದ್ರ ಸರ್ಕಾರ ಒಪ್ಪಿಕೊಂಡದ್ದು 23ಕ್ಕೆ. ಸ್ಫೋಟವಾಗಿ ಹತ್ತು ದಿನ! ಒಪ್ಪಿಕೊಂಡ ಮೇಲೆ ಅಲ್ಲಿನ ಪತ್ರಿಕೆಗಳೇ ಮೊದಲ ಪ್ರಕಟಣೆಯನ್ನು ತರಾಟೆಗೆ ತೆಗೆದುಕೊಂಡವು. ಡಿಸೆಂಬರ್ ಮೊದಲ ವಾರ ಪರಿಸರ ಆಡಳಿತದ ಮುಖ್ಯಸ್ಥ ಶೇ ಝೆನ್‌ಹುವಾ ರಾಜೀನಾಮೆ ಕೊಟ್ಟರು, ಅದೂ ಅಚ್ಚಾಯಿತು.

ಹಾಗಾಗಿ ನನ್ನ ಬೇಡಿಕೆ ಒಂದೇ. ಸುಳ್ಳೋ ನಿಜವೋ ಅಂತ ಮೊದಲೇ ತೀರ್ಪು ಕೊಡಬೇಡಿ. ಕ್ರಿಯಾಪದ ನೋಡಿ. 'ಮಾಡಲಾಗಿದೆ', 'ಕೈಗೊಳ್ಳಲಾಗುತ್ತಿದೆ' ಅಂತ ಬಂದ ಕಡೆಯೆಲ್ಲ, ಮಾಡಿದವರು ಯಾರು ಅಂತ ಕೇಳಿ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ದೇಶದಲ್ಲೂ ಹಿಡಿತ ಒಂದೇ ಥರ ಇರುವುದಿಲ್ಲ. ಸುದ್ದಿ ಬಂದಿಲ್ಲ ಅಂದ ಮಾತ್ರಕ್ಕೆ ಮುಚ್ಚಿಟ್ಟರು ಅಂತಲೂ ಅಲ್ಲ.

ಮುಂದಿನ ವಾರ ಚೆರ್ನೋಬಿಲ್ ಅಣುಸ್ಥಾವರ ದುರಂತದ ಪ್ರಕಟಣೆಯನ್ನು ಅಭ್ಯಾಸಕ್ಕೆ ಕೊಟ್ಟೆ. 1986ರ ಏಪ್ರಿಲ್ 28ರ ಸಂಜೆ ಸೋವಿಯತ್ ಟಿವಿಯಲ್ಲಿ ಓದಿದ ನಾಲ್ಕೈದು ವಾಕ್ಯ, ಅಷ್ಟೇ. ಅಪಘಾತವಾಗಿದೆ, ಒಂದು ರಿಯಾಕ್ಟರಿಗೆ ಹಾನಿಯಾಗಿದೆ, ಕ್ರಮ ಕೈಗೊಳ್ಳಲಾಗುತ್ತಿದೆ, ತೊಂದರೆಗೊಳಗಾದವರಿಗೆ ನೆರವು ನೀಡಲಾಗುತ್ತಿದೆ, ಆಯೋಗ ರಚಿಸಲಾಗಿದೆ. ಹಿಂದಿನ ದಿನವೇ ಸ್ಥಾವರದ ಪಕ್ಕದ ಪ್ರಿಪ್ಯಾತ್ ಊರಿನ ಸುಮಾರು 49 ಸಾವಿರ ಜನರನ್ನು ಬಸ್ಸು ಹತ್ತಿಸಿ ಸಾಗಿಸಿ ಆಗಿತ್ತು. ಅದನ್ನು ನಾನು ಕ್ಲಾಸಿಗೆ ಹೇಳಿರಲಿಲ್ಲ.

ನೀರುಗಂಟಿಯ ಮಗಳು 'ನೆರವು' ಅನ್ನುವ ಪದದ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದಳು: "ಎಷ್ಟು ಜನಕ್ಕೆ?"