ನೊರಜುಗಳು ತಿದ್ದಿದ ಕಾರು

ರೇಸ್ ಕಾರಿನ ಮಾತು ಬಂದರೆ ನಮ್ಮವರು ಮೊದಲು ಕೇಳುವುದು ಅಶ್ವಶಕ್ತಿ ಎಷ್ಟು ಎಂದು. ಬಲವಿದ್ದರೆ ವೇಗ, ವೇಗವಿದ್ದರೆ ಗೆಲುವು ಎಂಬ ಈ ಸುಲಭ ಲೆಕ್ಕ ಜರ್ಮನಿಯ ರೇಸ್ ಕಾರು ಪೋರ್ಷೆ 917ರ ಮುಂದೆ ತಲೆಕೆಳಗಾಗುತ್ತದೆ.

1969ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಅನಾವರಣಗೊಂಡ ಈ ಕಾರಿನಲ್ಲಿ ಹಾನ್ಸ್ ಮೆಟ್ಸ್‌ಗರ್ ರೂಪಿಸಿದ, ಗಾಳಿಯಿಂದ ತಣಿಯುವ ಹನ್ನೆರಡು ಸಿಲಿಂಡರಿನ 4.5 ಲೀಟರ್ ಎಂಜಿನ್ ಇತ್ತು. ತೂಕ ಸುಮಾರು 800 ಕಿಲೋ. ರೇಸಿಗೆ ಇಳಿಯಬೇಕಾದರೆ ನಿಯಮದಂತೆ ಇಂಥ 25 ಕಾರುಗಳು ತಯಾರಿರಬೇಕಿತ್ತು. ಏಪ್ರಿಲ್‌ನಲ್ಲಿ ಪೋರ್ಷೆಯ ಮುಖ್ಯ ಎಂಜಿನಿಯರ್ ಫರ್ಡಿನಾಂಡ್ ಪಿಯೆಖ್ ಅಷ್ಟನ್ನೂ ಸಾಲಾಗಿ ನಿಲ್ಲಿಸಿ ಪರೀಕ್ಷಕರಿಗೆ ತೋರಿಸಿದರು. ಬೇಕಾದ ಕಾರನ್ನು ಓಡಿಸಿ ನೋಡಿ ಎಂದೂ ಹೇಳಿದರಂತೆ. ಪರೀಕ್ಷಕರು ಒಲ್ಲೆವೆಂದರು. ಜಾಣರು!

ಏಕೆಂದರೆ ಪೋರ್ಷೆಯ ಚಾಲಕರೇ ಅದಕ್ಕೆ ಹೆದರುತ್ತಿದ್ದರು. ನೇರ ರಸ್ತೆಯಲ್ಲೂ ಅದು ಅತ್ತಿತ್ತ ವಾಲುತ್ತಿತ್ತು. ಗಾಳಿಯನ್ನು ಸೀಳಿ ಸಾಗಲೆಂದು ಇಳಿಜಾರಾಗಿ ಚಾಚಿದ ಬಾಲವೇ ಇದಕ್ಕೆ ಮೂಲ. ಉಬ್ಬಿದ ಮೇಲ್ಮೈಯನ್ನು ಹಾಯುವ ಗಾಳಿಯ ಒತ್ತಡ ತಗ್ಗುತ್ತದೆ, ಕೆಳಗಿನ ಒತ್ತಡ ಹೆಚ್ಚೇ ಉಳಿಯುತ್ತದೆ. ಬಿರುಗಾಳಿಗೆ ಮನೆಯ ತಗಡಿನ ಮಾಡು ಎದ್ದುಹೋಗುವುದು ಗಾಳಿ ಒಳನುಗ್ಗಿದ್ದರಿಂದ ಮಾತ್ರವಲ್ಲ, ಮೇಲಿನ ಒತ್ತಡ ಕುಸಿದದ್ದರಿಂದಲೂ. ಈ ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಗಂಟೆಗೆ 100 ಕಿ.ಮೀ.ನಲ್ಲಿ ಇದ್ದದ್ದು 300ರಲ್ಲಿ ಒಂಬತ್ತು ಪಟ್ಟು. ಹಿಂದಿನ ಚಕ್ರಗಳು ನೆಲದ ಮೇಲಿನ ಹಿಡಿತ ಕಳೆದುಕೊಂಡ ಮೇಲೆ ಎಂಜಿನ್ ಎಷ್ಟು ದೊಡ್ಡದಿದ್ದರೇನು?

ಆ ಜೂನ್‌ನಲ್ಲಿ ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ಓಟದಲ್ಲಿ ಚಾಲಕರು ಎಂದಿನಂತೆ ರಸ್ತೆ ದಾಟಿ ಓಡಿ ಕಾರು ಹತ್ತಬೇಕಿತ್ತು. ಬೆಲ್ಟ್ ಕಟ್ಟಲೂ ವ್ಯವಧಾನವಿಲ್ಲದ ಈ ಪದ್ಧತಿಯನ್ನು ಪ್ರತಿಭಟಿಸಿ ಫೋರ್ಡ್ ತಂಡದ ಚಾಲಕ ಜ್ಯಾಕಿ ಇಕ್ಸ್ ಆರಾಮವಾಗಿ ನಡೆದುಹೋದರು. ಮೊದಲ ಸುತ್ತಿನಲ್ಲೇ 917 ಓಡಿಸುತ್ತಿದ್ದ ಜಾನ್ ವುಲ್ಫ್ ಅಪಘಾತದಲ್ಲಿ ತೀರಿಕೊಂಡರು. ಕೊನೆಗೆ ಗೆದ್ದದ್ದು ಇಕ್ಸ್ ಅವರ ಫೋರ್ಡ್ ಜಿಟಿ40. ಮರುವರ್ಷದಿಂದ ಆ ಪದ್ಧತಿಯೇ ನಿಂತಿತು.

ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಟ್ಸೆಲ್ಟ್‌ವೆಗ್‌ನಲ್ಲಿ ಪರೀಕ್ಷೆ ನಡೆಯಿತು. ಎಂಜಿನಿಯರ್ ಜಾನ್ ಹಾರ್ಸ್‌ಮನ್ ಒಂದು ವಿಚಿತ್ರ ಗಮನಿಸಿದರು: ಕಾರಿನ ಮೈತುಂಬ ಸತ್ತ ನೊರಜುಗಳು ಅಂಟಿವೆ, ಹಿಂಬದಿಯ ರೆಕ್ಕೆಪಟ್ಟಿ ಮಾತ್ರ ಶುಭ್ರ! ಅಂದರೆ ಗಾಳಿ ಆ ಪಟ್ಟಿಯನ್ನು ಮುಟ್ಟದೆ ಮೇಲಿನಿಂದಲೇ ದಾಟಿಹೋಗುತ್ತಿದೆ. ಅಲ್ಲೇ ಅಲ್ಯೂಮಿನಿಯಂ ತಗಡು ಕತ್ತರಿಸಿ, ಬಾಲವನ್ನು ಮೊಟಕಾಗಿಸಿ ಮೇಲೆತ್ತಿದರು. ಈಗ ಗಾಳಿಯೇ ಕಾರನ್ನು ನೆಲಕ್ಕೆ ಒತ್ತಿತು. ಗಾಳಿಯ ಅಡ್ಡಿ ಹೆಚ್ಚಿತಾದರೂ ಸುತ್ತಿನ ಸಮಯ ಇಳಿಯಿತು.

1970ರಲ್ಲಿ ಹಾನ್ಸ್ ಹೆರ್ಮಾನ್ ಮತ್ತು ರಿಚರ್ಡ್ ಆಟ್‌ವುಡ್ ಈ ಮೋಟು ಬಾಲದ 917ರಲ್ಲಿ ಲ ಮಾನ್ ಗೆದ್ದರು. ಪೋರ್ಷೆಗೆ ಅಲ್ಲಿ ಅದೇ ಮೊದಲ ಒಟ್ಟಾರೆ ಜಯ. ಮರುವರ್ಷ ಹೆಲ್ಮುಟ್ ಮಾರ್ಕೊ ಮತ್ತು ಖೈಸ್ ಫಾನ್ ಲೆನ್ನೆಪ್ ಮೆಗ್ನೀಸಿಯಂ ಚೌಕಟ್ಟಿನ 917ರಲ್ಲಿ, ಅಂದರೆ ಬೆಂಕಿ ಹತ್ತಿದರೆ ಆರಿಸಲು ಬಲು ಕಷ್ಟವಾದ ಲೋಹದ ಮೇಲೆ ಕೂತು, 5,335 ಕಿ.ಮೀ. ಕ್ರಮಿಸಿದರು. ಆ ದೂರದ ದಾಖಲೆಯನ್ನು ಆಡಿ (Audi) ಕಂಪನಿಯ ಕಾರು ಮುರಿದದ್ದು 2010ರಲ್ಲಿ.